ಸಹಾಯ ಬೇಕು: ಧೂಳು ತೆಗೆದ ಮೇಲೆ ಕಂಪ್ಯೂಟರ್ ಜಾಸ್ತಿ ಬಿಸಿ ಆಗುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಕ್ಯಾತ್ಸಂದ್ರದವನು. ಮನೆ ಹೈವೇ ಪಕ್ಕದಲ್ಲೇ ಇದೆ, ಧೂಳು ಜಾಸ್ತಿ. ಭಾನುವಾರ ಕೇಸ್ ಬಿಚ್ಚಿ, ಪ್ರೊಸೆಸರ್ ಮೇಲಿನ ಫ್ಯಾನನ್ನು ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿಗಳ ಭಾಗ) ಸಮೇತ ತೆಗೆದೆ. ಅದರ ಪಟ್ಟಿಗಳ ನಡುವೆ ಧೂಳು ಹಳೇ ಹಾಸಿಗೆಯ ಹತ್ತಿ ಥರ ಗಟ್ಟಿಯಾಗಿ ಕೂತಿತ್ತು. ಊದುಬತ್ತಿ ಕಡ್ಡಿಯಲ್ಲಿ ಕೆದಕಿ, ಬ್ರಷ್‌ನಲ್ಲಿ ಗುಡಿಸಿದೆ.

ತೊಂದರೆ ಶುರುವಾಗಿದ್ದು ಆಮೇಲೆ. ಆನ್ ಮಾಡಿದ ಕೂಡಲೇ ಫ್ಯಾನ್ ಮಿಕ್ಸಿ ಥರ ಕೂಗುತ್ತದೆ. ಬಯೋಸ್‌ನಲ್ಲಿ (ವಿಂಡೋಸ್ ಬರುವ ಮೊದಲಿನ ಸೆಟ್ಟಿಂಗ್ ಪರದೆ) ಸುಮ್ನೆ ಇದ್ದಾಗಲೇ ಪ್ರೊಸೆಸರ್ ಬಿಸಿ 85 ಡಿಗ್ರಿ ತೋರಿಸುತ್ತದೆ. ಮೊದಲು 45 ದಾಟುತ್ತಿರಲಿಲ್ಲ. ವಿಂಡೋಸ್ ಬಂದು ನಾಲ್ಕೈದು ನಿಮಿಷಕ್ಕೆ ತಾನಾಗೇ ಆಫ್ ಆಗುತ್ತದೆ.

ಪ್ರೊಸೆಸರ್ ಇಂಟೆಲ್‌ನ ಆರನೇ ತಲೆಮಾರಿನ ಐ5, ಅದರ ಜೊತೆಗೇ ಬಂದ ಫ್ಯಾನ್. ಫ್ಯಾನ್ ವೈರ್ ಮದರ್‌ಬೋರ್ಡ್‌ನ ಸಿಪಿಯು (ಪ್ರೊಸೆಸರ್) ಫ್ಯಾನ್ ಜಾಗದಲ್ಲೇ ಇದೆ, ನೋಡಿದ್ದೇನೆ. ನನಗೆ ಎರಡು ಅನುಮಾನ. ಒಂದು, ಹಳೇ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸಲು ನಡುವೆ ಹಚ್ಚುವುದು) ಒಣಗಿದ ಸುಣ್ಣದ ಹಾಗೆ ಪುಡಿಪುಡಿ ಆಗಿತ್ತು. ಹೊಸದು ಹಾಕದೆ ಹಾಗೇ ಕೂರಿಸಿಬಿಟ್ಟೆ. ಇನ್ನೊಂದು, ಹೀಟ್‌ಸಿಂಕನ್ನು ಮದರ್‌ಬೋರ್ಡ್‌ಗೆ ಹಿಡಿಸುವ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಮೂರು ಟಕ್ ಅಂದವು, ನಾಲ್ಕನೆಯದು ಅನ್ನಲಿಲ್ಲ. ಆ ಮೂಲೆ ಬೆರಳಲ್ಲಿ ಒತ್ತಿದರೆ ಸ್ವಲ್ಪ ಅಲುಗಾಡುತ್ತದೆ.

ಪಿನ್ ಸರಿಯಾಗಿ ಕೂತಿದೆಯಾ ಅಂತ ನೋಡಲು ಮದರ್‌ಬೋರ್ಡ್ ಪೂರ್ತಿ ಹೊರಗೆ ತೆಗೆಯಬೇಕಾ? ಹಳೇ ಪೇಸ್ಟ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಬೇಕು ಅನ್ನುತ್ತಾರೆ, ತುಮಕೂರಿನಲ್ಲಿ ಎಲ್ಲಿ ಸಿಗುತ್ತದೆ? ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು ಅಲ್ವಾ?

ಶುಕ್ರವಾರ ಮಗಳು ಪ್ರಾಜೆಕ್ಟ್ ಕೊಡಬೇಕು, ಫೈಲ್ ಎಲ್ಲ ಇದರಲ್ಲೇ ಇದೆ. ಪ್ರೊಸೆಸರ್ ಸುಟ್ಟೀತು ಅನ್ನುವ ಭಯಕ್ಕೆ ನಿನ್ನೆಯಿಂದ ಆನ್ ಮಾಡಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.