ಪಿಜಿಎಗೆ 32 ಗೇನ್ ಕೊಟ್ಟರೂ ಔಟ್‌ಪುಟ್ ಎರಡು ಪಟ್ಟೂ ಆಗುತ್ತಿಲ್ಲ

ಪ್ರಶ್ನೆ:
ಪಂಪ್‌ಸೆಟ್ ಮೋಟರಿನ ಕರೆಂಟ್ ಅಳೆಯಲು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿದ್ದೇನೆ. ಅದರ ಕರೆಂಟನ್ನು ವೋಲ್ಟೇಜ್ ಮಾಡುವ ಬರ್ಡನ್ ರೆಸಿಸ್ಟರ್ ಮೇಲೆ 20 ಮಿಲಿವೋಲ್ಟ್‌ನಿಂದ 2 ವೋಲ್ಟ್ ಪೀಕ್‌ವರೆಗೆ ಬರುತ್ತದೆ, 50 ಹರ್ಟ್ಸ್. ವೋಲ್ಟೇಜನ್ನು ಸಂಖ್ಯೆ ಮಾಡುವ ಎಡಿಸಿ 10 ಬಿಟ್, 5 ವೋಲ್ಟ್. ನಡುವೆ ಪಿಜಿಎ, ಅಂದರೆ ಗೇನ್ (ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದು) ಪ್ರೋಗ್ರಾಂನಿಂದ ಬದಲಿಸಬಹುದಾದ ಆಂಪ್ಲಿಫೈಯರ್: ಮೈಕ್ರೋಚಿಪ್‌ನ ಎಂಸಿಪಿ6ಎಸ್21. ಅದರ ವಿರೆಫ್ (ರೆಫರೆನ್ಸ್ ವೋಲ್ಟೇಜ್) ಪಿನ್‌ಗೆ ಎರಡು 10ಕೆ (10 ಕಿಲೋಓಮ್) ರೆಸಿಸ್ಟರ್‌ಗಳ ಡಿವೈಡರ್‌ನಿಂದ 5ರ ಅರ್ಧ, 2.5 ವೋಲ್ಟ್, ಜತೆಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. ಇನ್‌ಪುಟ್ ಕೆಪಾಸಿಟರ್ ಮೂಲಕ ಬರುತ್ತದೆ, ಅದನ್ನೂ 2.5 ವೋಲ್ಟ್‌ನ ಮಧ್ಯಕ್ಕೆ ಎತ್ತುವ ಬಯಾಸ್‌ಗೆ ಬೇರೆ ಎರಡು 100ಕೆ. ಗೇನ್ 1ರಲ್ಲಿ ಸರಿಯಾಗಿದೆ. 2 ಕೊಟ್ಟರೆ 1.3 ಪಟ್ಟು, 10 ಕೊಟ್ಟರೆ 1.8, 32 ಕೊಟ್ಟರೆ 1.9! ಗೇನ್ ಆದೇಶ ಕಳಿಸುವ ಎಸ್‌ಪಿಐ ತಪ್ಪೇ, ಚಿಪ್ ಹೋಗಿದೆಯೇ?

ಉತ್ತರ 1:
ಎರಡೂ ಅಲ್ಲ ಸರ್. ಎಸ್‌ಪಿಐ ತಪ್ಪಿದ್ದರೆ ಗೇನ್ 1ರಲ್ಲೇ ಕೂತಿರುತ್ತಿತ್ತು. ತೊಂದರೆ ಇರುವುದು ವಿರೆಫ್‌ನಲ್ಲಿ. ಚಿಪ್‌ನ ಒಳಗಿನ ಫೀಡ್‌ಬ್ಯಾಕ್ ಲ್ಯಾಡರ್ (ಗೇನ್ ತೀರ್ಮಾನಿಸುವ ರೆಸಿಸ್ಟರ್ ಸಾಲು) ಔಟ್‌ಪುಟ್‌ನಿಂದ ನೇರ ವಿರೆಫ್‌ಗೆ ಇಳಿಯುತ್ತದೆ, ಒಟ್ಟು ಸುಮಾರು 4.9ಕೆ. ಗೇನ್ 32ರಲ್ಲಿ ಅದರ ಕೆಳಭಾಗ ಬರೀ 153 ಓಮ್. ನಿಮ್ಮ ಡಿವೈಡರ್‌ನ 5ಕೆ (ಎರಡು 10ಕೆ ಪ್ಯಾರಲಲ್) ಅದರ ಜತೆ ಸೀರೀಸ್‌ನಲ್ಲಿ ಸೇರಿಕೊಂಡಿದೆ. 4900 + 5000, ಅಂದರೆ 9900 ಅನ್ನು 5153ರಿಂದ ಭಾಗಿಸಿ ನೋಡಿ, 1.92 ಬರುತ್ತದೆ. ಗೇನ್ 1ರಲ್ಲಿ ಚಿಪ್ ಬರೀ ಬಫರ್ (ಇನ್‌ಪುಟ್ ವೋಲ್ಟೇಜನ್ನು ಹಾಗೇ ದಾಟಿಸುವುದು), ಹಾಗಾಗಿ ಅಲ್ಲಿ ಗೊತ್ತಾಗಲಿಲ್ಲ.

0.1 ಮೈಕ್ರೋಫ್ಯಾರಡ್ 50 ಹರ್ಟ್ಸ್‌ನಲ್ಲಿ 32 ಕಿಲೋಓಮ್, ಇದ್ದೂ ಇಲ್ಲದಂತೆ. 10 ಮೈಕ್ರೋಫ್ಯಾರಡ್ ಹಾಕಿದರೂ 318 ಓಮ್ ಉಳಿಯುತ್ತದೆ. ಡಿವೈಡರ್ ಆದಮೇಲೆ ಒಂದು ಆಪ್‌ಆಂಪ್ ಬಫರ್ ಇಡಿ, ಎಂಸಿಪಿ6001 ಸಾಕು. ಲ್ಯಾಡರ್ ಎಳೆಯುವುದು ಅರ್ಧ ಮಿಲಿಆಂಪ್ ಅಷ್ಟೇ. ಕೆಪಾಸಿಟರ್ ಮಾತ್ರ ಬಫರ್‌ನ ಇನ್‌ಪುಟ್ ಕಡೆ ಇರಲಿ. ಔಟ್‌ಪುಟ್‌ಗೆ ನೇರ ಕಟ್ಟಿದರೆ ಬಫರ್ ಆಸಿಲೇಟ್ ಆಗುವ ಅಪಾಯವಿದೆ.

ಉತ್ತರ 2:
ಬಫರ್ ಹಾಕಿದ ಮೇಲೆ ಆ 100ಕೆ ಜೋಡಿಯನ್ನೂ ಇನ್‌ಪುಟ್ ಕೆಪಾಸಿಟರನ್ನೂ ತೆಗೆದುಬಿಡಿ. ಎರಡು ಡಿವೈಡರ್‌ಗಳ ನಡುವೆ 50 ಮಿಲಿವೋಲ್ಟ್ ವ್ಯತ್ಯಾಸವಿದ್ದರೂ ಗೇನ್ 32ರಲ್ಲಿ ಔಟ್‌ಪುಟ್ 1.6 ವೋಲ್ಟ್ ಸರಿಯುತ್ತದೆ. ಸಿಟಿಯ ಸೆಕೆಂಡರಿ (ಔಟ್‌ಪುಟ್ ಸುರುಳಿ) ಹೇಗೂ ತೇಲುತ್ತಿದೆ, ಅದರ ಒಂದು ತುದಿಯನ್ನು ಬಫರ್ ಆದ 2.5 ವೋಲ್ಟ್‌ಗೇ ಕಟ್ಟಿ.

ಬಫರ್ ಇಲ್ಲದೆ ಇದನ್ನು ಮಾಡಬೇಡಿ. ಆಗ ತಪ್ಪು ತಿರುಗುಮುರುಗಾಗುತ್ತದೆ: ಔಟ್‌ಪುಟ್ ಏರಿದಂತೆ ಮಧ್ಯಬಿಂದುವೂ ಏರಿ, ಗೇನ್ ಇರಬೇಕಾದದ್ದರ ಸುಮಾರು ಎರಡು ಪಟ್ಟಾಗುತ್ತದೆ. ಮತ್ತೆ, ವೈರ್ ಬದಲಿಸುವಾಗ ಬರ್ಡನ್ ರೆಸಿಸ್ಟರ್ ಸಿಟಿಯಿಂದ ಬಿಡದಿರಲಿ. ಮೋಟರ್ ಓಡುವಾಗ ಸೆಕೆಂಡರಿ ತೆರೆದುಕೊಂಡರೆ ಅಪಾಯಕರ ವೋಲ್ಟೇಜ್ ಏಳುತ್ತದೆ.

ಪ್ರಶ್ನೆ ಕೇಳಿದವರು:
ಬಫರ್ ಹಾಕಿದೆ, ಗೇನ್ ಸರಿಹೋಯಿತು, ತುಂಬಾ ಧನ್ಯವಾದ. ಆದರೆ ಆಟೋರೇಂಜ್ (ಸಿಗ್ನಲ್ ನೋಡಿ ಗೇನ್ ತಾನೇ ಬದಲಾಗುವಂತೆ) ಮಾಡುವಾಗ ಒಂದೇ ಲೋಡ್‌ಗೆ ಗೇನ್ 8ಕ್ಕೂ 16ಕ್ಕೂ ಜಿಗಿದಾಡುತ್ತಿದೆ.

ಉತ್ತರ 3:
ಏರಿಸುವ ಮಿತಿ, ಇಳಿಸುವ ಮಿತಿ ಬೇರೆಬೇರೆ ಇರಲಿ. ಚಿಪ್‌ನ ಗೇನ್‌ಗಳಲ್ಲಿ 5, 10 ಬಿಟ್ಟು 1, 2, 4, 8, 16, 32 ಮಾತ್ರ ಬಳಸಿ. ಔಟ್‌ಪುಟ್ ಪೀಕ್ 2.2 ವೋಲ್ಟ್ ದಾಟಿದರೆ, ಅಂದರೆ ಮಧ್ಯದಿಂದ ಎಡಿಸಿಯ 450 ಕೌಂಟ್, ತಕ್ಷಣ ಒಂದು ಮೆಟ್ಟಿಲು ಇಳಿಸಿ. 0.9 ವೋಲ್ಟ್‌ಗಿಂತ ಕೆಳಗೆ, 184 ಕೌಂಟ್, ಕೆಲವು ಸೈಕಲ್ ನಿಂತರೆ ಮಾತ್ರ ಏರಿಸಿ. ಏರಿದ ಮೇಲೆ ಅದು 1.8 ಆಗುತ್ತದೆ, 2.2 ಮುಟ್ಟುವುದಿಲ್ಲ.

ಗೇನ್ ಬದಲಾಗುವುದು ಚಿಪ್ ಸೆಲೆಕ್ಟ್ (ಎಸ್‌ಪಿಐ ಆದೇಶ ಈ ಚಿಪ್‌ಗೆ ಎಂದು ತಿಳಿಸುವ ಪಿನ್) ಮೇಲೇರಿದಾಗ. ಮೊದಲ ಬೈಟ್ 01000000, ಎರಡನೆಯದು ಗೇನ್ ಕೋಡ್ (32ಕ್ಕೆ 00000111). ಎರಡೂ ಬೈಟ್ ಮುಗಿಯುವ ತನಕ ಚಿಪ್ ಸೆಲೆಕ್ಟ್ ಕೆಳಗೇ ಇರಬೇಕು. 16 ಕ್ಲಾಕ್ ತುಂಬದಿದ್ದರೆ ಚಿಪ್ ಆ ಆದೇಶವನ್ನು ಲೆಕ್ಕಕ್ಕೇ ಇಡುವುದಿಲ್ಲ. ಸೈಕಲ್ ಮುಗಿಯುವ ಕಡೆ ಬದಲಿಸಿ, ನಂತರದ ಮೊದಲ ಸ್ಯಾಂಪಲ್ ಬಿಸಾಡಿ.

ಸೊನ್ನೆಯನ್ನು ಪ್ರತಿ ಗೇನ್‌ಗೂ ಬೇರೆಯಾಗಿ ಹಿಡಿಯಿರಿ. ಚಿಪ್‌ನ 275 ಮೈಕ್ರೋವೋಲ್ಟ್ ಆಫ್‌ಸೆಟ್ (ಸೊನ್ನೆಯ ತಪ್ಪು) 32 ಪಟ್ಟಾದರೆ 8.8 ಮಿಲಿವೋಲ್ಟ್, ನಿಮ್ಮ ಎಡಿಸಿಯಲ್ಲಿ ಸುಮಾರು ಎರಡು ಕೌಂಟ್. ಪೂರ್ಣ ಸೈಕಲ್‌ಗಳ ಸರಾಸರಿ ತೆಗೆದು ಕಳೆದರೂ ನಡೆಯುತ್ತದೆ.