ಮೂರು ತಿಂಗಳಾದರೂ ಇಳಿಯದ ಕಣ್ಣಿನ ಕೆಂಪು: ಅನುಭವವಿದ್ದವರು ತಿಳಿಸಿ

ಆಲೂರಿನಿಂದ: ಕಾಫಿ ಕೊಯ್ಲಿನಿಂದ ಈಚೆಗೆ ಎರಡೂ ಕಣ್ಣು ಕೆಂಪಾಗಿ ಉರಿಯುತ್ತಿವೆ. ಮೂರು ಬಗೆಯ ಡ್ರಾಪ್ಸ್ ಮುಗಿದವು. ಹಾಸನದಲ್ಲೇ ತೋರಿಸಲೋ, ಬೆಂಗಳೂರಿಗೆ ಹೋಗಲೋ?

ಸಕಲೇಶಪುರದ ಬೆಳೆಗಾರ: ನನ್ನದು ಬಲಗಣ್ಣು. ಮರಗಸಿ (ನೆರಳಿನ ಮರಗಳ ಕೊಂಬೆ ಕತ್ತರಿಸುವುದು) ಮಾಡಿಸುವಾಗ ಹಸಿ ಕಡ್ಡಿ ತಗುಲಿತು. ಔಷಧಿ ಅಂಗಡಿಯವರು ಕೊಟ್ಟ 38 ರೂಪಾಯಿಯ ಸ್ಟೀರಾಯ್ಡ್ ಡ್ರಾಪ್ಸ್‌ಗೆ ಎರಡೇ ದಿನದಲ್ಲಿ ಕೆಂಪು ಇಳಿಯಿತು. ಹನ್ನೆರಡನೆಯ ದಿನ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ! ಫಂಗಸ್. ಅದಕ್ಕೆ ನಾನೇ ಗೊಬ್ಬರ ಹಾಕಿ ಬೆಳೆಸಿದ್ದೆ. ಗಂಟೆಗೊಮ್ಮೆ ಫಂಗಸ್ ಕೊಲ್ಲುವ ನಾಟಾಮೈಸಿನ್ ಡ್ರಾಪ್ಸ್, ಏಳು ವಾರ. ಬೆಂಗಳೂರಿಗೆ ಒಂಬತ್ತು ಸಲ, ಕಾರಿನ ಬಾಡಿಗೆಯೇ 52,000. ಮೆಣಸು ಕೊಯ್ಯಿಸುವವರಿಲ್ಲದೆ ಬಳ್ಳಿಯಲ್ಲೇ ಉದುರಿತು. ಇಂದಿಗೂ ಆ ಕಣ್ಣಿಗೆ ಬಸ್ಸಿನ ಬೋರ್ಡು ಮಂಜು. ಸ್ಟೀರಾಯ್ಡ್ ವಿಷ, ಮುಟ್ಟಬೇಡಿ.

ಚಿಕ್ಕಮಗಳೂರಿನ ಶಿಕ್ಷಕಿ: ವಿಷ ಎನ್ನಬೇಡಿ ಸರ್. ನನ್ನ ಕಣ್ಣು ಉಳಿಸಿದ್ದೇ ಅದು. ನನಗೆ ಬೆಳಕು ನೋಡಿದರೆ ಚುಚ್ಚುವ ನೋವು. ನಾಲ್ಕು ಸಲ ‘ಮದ್ರಾಸ್ ಐ’ ಎಂದು ಕಳಿಸಿದರು. ಐದನೆಯವರು ಮಾತ್ರ ‘ಬೆಳಿಗ್ಗೆ ಸೊಂಟ ಹಿಡಿಯುತ್ತದೆಯೇ?’ ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ಎಚ್‌ಎಲ್‌ಎ ಬಿ27 ಎಂಬ ಜೀನ್ ಇದೆಯೇ ಎಂದು ನೋಡುವ ರಕ್ತ ಪರೀಕ್ಷೆಯಾಗಿ ಯುವಿಯೈಟಿಸ್ ಎಂಬ ಕಣ್ಣೊಳಗಿನ ಉರಿಯೂತ, ಬೆನ್ನುಮೂಳೆಯ ಸಂಧಿವಾತ ಎರಡೂ ಗೊತ್ತಾದವು. ಸ್ಟೀರಾಯ್ಡ್‌ನಿಂದ ಕಣ್ಣಿನ ಒತ್ತಡ ಏರಬಹುದೆಂದು ಪ್ರತಿ ಭೇಟಿಯಲ್ಲೂ ಅದನ್ನು ಅಳೆಯುತ್ತಿದ್ದರು. 21ರೊಳಗೆ ಇರಬೇಕಾದದ್ದು ಒಮ್ಮೆ 30ಕ್ಕೆ ಏರಿತು. ತಕ್ಷಣ ಔಷಧಿ ಬದಲಿಸಿದರು.

ಬೇಲೂರಿನ ಗೃಹಿಣಿ: ನಂದಿಬಟ್ಟಲು ಹೂವು ನೆನೆಸಿದ ನೀರಿನಲ್ಲೇ ನಮ್ಮ ಅತ್ತೆಯವರ ಕಣ್ಣು ತಿಳಿಯಾಯಿತು. ಒಂದು ಪೈಸೆ ಖರ್ಚಿಲ್ಲ.

ಸಕಲೇಶಪುರದ ಬೆಳೆಗಾರ: ತಾಯಿ, ರಾತ್ರಿಯಿಡೀ ಹೂವು ನೆನೆದ ನೀರನ್ನು ಹುಣ್ಣಾದ ಕಣ್ಣಿಗೆ ಬಿಟ್ಟರೆ ಏನಾಗುತ್ತದೆ ಗೊತ್ತೇ?

ಬೇಲೂರಿನ ಗೃಹಿಣಿ: ಅಂಗಡಿಯವರು ಕೊಟ್ಟದ್ದನ್ನು ಕೇಳದೆ ಬಿಟ್ಟುಕೊಂಡವರು ನೀವು. ನಮ್ಮ ಅತ್ತೆಯವರ ಮಾತಿಗೆ ಬರಬೇಡಿ.

ಕಡೂರಿನ ಬ್ಯಾಂಕ್ ನೌಕರ: ನನ್ನದು ಎರಡು ವರ್ಷ ‘ಅಲರ್ಜಿ’. ಕೊನೆಗೆ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಒದ್ದೆಯಾದದ್ದು 4 ಮಿಲಿಮೀಟರ್. ಕಣ್ಣೀರೇ ಇರಲಿಲ್ಲ! ರೆಪ್ಪೆಯಂಚಿನ ಎಣ್ಣೆಗ್ರಂಥಿಗಳೂ ಕಟ್ಟಿಕೊಂಡಿದ್ದವು. ದಿನಕ್ಕೆ ಎಂಟು ಸಲ ಬಿಡುತ್ತಿದ್ದ ಡ್ರಾಪ್ಸ್‌ನ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವೇ ಉರಿ ಹೆಚ್ಚಿಸುತ್ತಿತ್ತು. ಈಗ ಅದಿಲ್ಲದ ಡ್ರಾಪ್ಸ್, ತಿಂಗಳಿಗೆ 900 ರೂಪಾಯಿ. ಜೊತೆಗೆ ಬೆಳಿಗ್ಗೆ ಸಂಜೆ ಬಿಸಿ ಬಟ್ಟೆಯ ಶಾಖ. ಅಂದಹಾಗೆ, ಸಕಲೇಶಪುರದಿಂದ ರೈಲಿರುವಾಗ 52,000 ಬಾಡಿಗೆ ಏಕೆ?

ಸಕಲೇಶಪುರದ ಬೆಳೆಗಾರ: ಜೊತೆಗೆ ಬರಲು ನನಗೆ ಮನೆಯಲ್ಲಿ ಯಾರೂ ಇರಲಿಲ್ಲ. ದಾರಿಯುದ್ದಕ್ಕೂ ಗಂಟೆಗೊಮ್ಮೆ ಕಾರು ನಿಲ್ಲಿಸಿ ಔಷಧಿ ಬಿಟ್ಟವನು ಆ ಡ್ರೈವರ್. ಅದನ್ನು ದುಂದು ಎನ್ನಬೇಡಿ.