ಹಾಸಿಗೆ ಹಿಡಿದವರ ಆರೈಕೆ: ಮನೆಯವರು ಸಾಕೇ, ಊರೂ ಬೇಕೇ?

ಪಂಚಾಯ್ತಿಕಟ್ಟೆ: ಪಾರ್ಶ್ವವಾಯುವಿಂದ ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಒತ್ತಡಕ್ಕೆ ಮೈ ಹುಣ್ಣಾಗುತ್ತೆ. ರಾತ್ರಿಯೂ ಸೇರಿ ದಿನಕ್ಕೆ 12 ಸಲ. ಒಬ್ಬ ಸೊಸೆಯ ಕೈಲಿ ವಾರ ನಡೆದೀತು, ವರ್ಷ ನಡೆಯದು. ಕೇರಳದಲ್ಲಿ 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಶುರುವಾದ ಪ್ಯಾಲಿಯೇಟಿವ್ (ಗಂಭೀರ ಕಾಯಿಲೆಯವರ ನೋವು, ನರಳಾಟ ತಗ್ಗಿಸೋ ಆರೈಕೆ) ಕೆಲಸ 2008ಕ್ಕೆ ಸರ್ಕಾರದ ನೀತಿಯಾಯ್ತು. ಪಂಚಾಯ್ತಿ ಕಡೆಯಿಂದ ನರ್ಸ್ ಮನೆಗೇ ಬರ್ತಾರೆ, ಜೊತೆಗೆ ಊರಿನ ಸ್ವಯಂಸೇವಕರು. ನಮ್ಮಲ್ಲೂ ಬೀದಿಗೆ ಆರು ಜನ ಪಾಳಿ ಹಾಕಿಕೊಳ್ಳಲಿ.

ಬೆಣ್ಣೆನಗರಿ: "ಎರಡು ಗಂಟೆಗೊಮ್ಮೆ" ಹಳೇ ಲೆಕ್ಕ. ವಾಟರ್ ಬೆಡ್ ಹಾಕಿ, ಪಾಳಿಯ ಗೋಜೇ ಇಲ್ಲ.

ಸಿಸ್ಟರ್_ಕರಾವಳಿ: "ಗೋಜೇ ಇಲ್ಲ" ಅಂತ ನಂಬಿದ ಮನೆಗಳಲ್ಲೇ ಸೊಂಟದ ಕೆಳಗೆ ಮೂಳೆ ಕಾಣುವಷ್ಟು ಹುಣ್ಣಾಗೋದು! ಯಾವ ಬೆಡ್ ಹಾಕಿದರೂ ಮಗ್ಗುಲು ಬದಲಿಸಲೇಬೇಕು. ನೀರು ಕಮ್ಮಿಯಾದರೆ ಸೊಂಟ ಹಲಗೆಗೆ ತಾಗುತ್ತೆ, ಜಾಸ್ತಿಯಾದರೆ ಬೆಡ್ ಗಟ್ಟಿ. ಪೂರ್ತಿ ಪಕ್ಕಕ್ಕೆ ಬೇಡ, 30 ಡಿಗ್ರಿ ಓರೆ ಸಾಕು. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಮೀನಖಂಡದಡಿ ಒಂದು. ಹಿಮ್ಮಡಿ ಏನಕ್ಕೂ ತಾಗಬಾರದು.

ಬೆಣ್ಣೆನಗರಿ: ನೀರು ಸರಿಯಾಗಿ ತುಂಬದವರ ತಪ್ಪು, ಬೆಡ್ಡಿನದಲ್ಲ.

ಗುಬ್ಬಿ_ಫಿಸಿಯೋ: ನೀರಿನ ಜಗಳವೇ ಬೇಡ, ಏರ್ ಬೆಡ್ ಹಾಕಿ. ಅದರ ಗಾಳಿಕೋಶಗಳು ಸರದಿ ಮೇಲೆ ಉಬ್ಬಿ ಇಳಿಯುತ್ತವೆ, ಒತ್ತಡ ಒಂದೇ ಕಡೆ ನಿಲ್ಲಲ್ಲ. ಮೇಲೆ ದಪ್ಪ ರಜಾಯಿ ಹಾಸಿದರೆ ಮಾತ್ರ ಪ್ರಯೋಜನವಿಲ್ಲ, ತೆಳು ಬೆಡ್‌ಶೀಟ್ ಒಂದೇ ಇರಲಿ.

ಬೆಣ್ಣೆನಗರಿ: ಹಳ್ಳೀಲಿ ಕರೆಂಟ್ ಹೋದರೆ ನಿಮ್ಮ ಏರ್ ಬೆಡ್ ನೆಲಕ್ಕೆ. ವಾಟರ್ ಬೆಡ್‌ಗೆ ಆ ಭಯ ಇಲ್ಲ. ಚರ್ಮ ಕೆಂಪಾದರೆ ಸ್ಪಿರಿಟ್ ಹಚ್ಚಿ ತಿಕ್ಕಿ, ಪೌಡರ್ ಹಾಕಿದರಾಯ್ತು.

ಸಿಸ್ಟರ್_ಕರಾವಳಿ: ದಯವಿಟ್ಟು ಯಾರೂ ತಿಕ್ಕಬೇಡಿ! ಒಳಗೆ ಮೊದಲೇ ಜಖಂ ಆದ ಮಾಂಸ ಇನ್ನೂ ಹರಿಯುತ್ತೆ, ಸ್ಪಿರಿಟ್ ಚರ್ಮ ಒಣಗಿಸುತ್ತೆ. ಕೆಂಪಾದ ಕಡೆ ಬೆರಳಿಂದ ಒತ್ತಿ ನೋಡಿ. ಬಣ್ಣ ಬಿಳಿಚದೆ ಕೆಂಪಾಗೇ ಇದ್ದರೆ ಹುಣ್ಣು ಶುರುವಾಗಿದೆ, ಆ ಕಡೆ ಮಲಗಿಸಲೇಬೇಡಿ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣಲ್ಲ, ಬಿಸಿಯೋ ಗಟ್ಟಿಯೋ ಅಂತ ಮುಟ್ಟಿ ನೋಡಿ. ಒಬ್ಬರೇ ಎಳೆದರೂ ಚರ್ಮ ಸುಲಿಯುತ್ತೆ. ಹೆಗಲಿಂದ ತೊಡೆವರೆಗೆ ಮಡಚಿದ ಬೆಡ್‌ಶೀಟ್ ಹಾಸಿ, ಎರಡೂ ಕಡೆಯಿಂದ ಇಬ್ಬರು ಎತ್ತಿ ಸರಿಸಬೇಕು.

ಪಂಚಾಯ್ತಿಕಟ್ಟೆ: "ಇಬ್ಬರು"! ಆ ಎರಡನೆಯವರು ಎಲ್ಲಿಂದ ಬರಬೇಕು? ನಾನು ಕೇಳ್ತಿರೋದು ಅದನ್ನೇ.

ಹಳೇಬೀದಿ: ನೀವು ಕೇಳಿದ್ದು ಆರು ಜನರನ್ನ. ಹೆಂಗಸರು ಬಟ್ಟೆಯಿಲ್ಲದೆ ಮಲಗಿರೋ ಕೋಣೆಗೆ ಬೀದಿಯವರನ್ನ ಬಿಡೋಕಾಗುತ್ತಾ? ಕಾಯಿಲೆಯವರಿಗೂ ಮಾನ ಇದೆ.

ಪಂಚಾಯ್ತಿಕಟ್ಟೆ: ಬಟ್ಟೆ ಬದಲಿಸೋಕೆ ಆರೂ ಜನ ಎಲ್ಲಿ ಬರ್ತಾರೆ? ಕ್ಯಾತಿಟರ್ (ಮೂತ್ರದ ನಳಿಕೆ), ಗಾಯದ ಕೆಲಸ ನರ್ಸ್‌ಗೆ. ಮಗ್ಗುಲಿಗೆ ಆ ಮನೆಯವರೇ ಆರಿಸಿದ ಒಬ್ಬರು. ಉಳಿದವರು ಔಷಧಿ ತರೋದು, ಮಧ್ಯಾಹ್ನ ಎರಡು ಗಂಟೆ ಪಕ್ಕದಲ್ಲಿ ಕೂತು ಆರೈಕೆ ಮಾಡೋರಿಗೆ ನಿದ್ದೆ ಮಾಡೋಕೆ ಬಿಡೋದು. ನಿದ್ದೆಗೆಟ್ಟರೆ ಅವರೂ ಹಾಸಿಗೆ ಹಿಡೀತಾರೆ.

ಹಳೇಬೀದಿ: ನರ್ಸ್ ಬರಲಿ. ಬೀದಿ ಬೇಡ.

ಗುಬ್ಬಿ_ಫಿಸಿಯೋ: ಬೆಣ್ಣೆನಗರಿ, ಏರ್ ಬೆಡ್ ಪಂಪ್ ಫ್ಯಾನ್‌ಗಿಂತ ಕಮ್ಮಿ ಕರೆಂಟ್ ತಿನ್ನುತ್ತೆ. ಮನೆ ಇನ್ವರ್ಟರ್‌ಗೆ ಹಾಕಿ.

ಬೆಣ್ಣೆನಗರಿ: ಇನ್ವರ್ಟರ್ ಇಲ್ಲದವರ ಬಗ್ಗೆ ಮಾತಾಡಿ.